ಏನೂ ಅಂಟದ ಕೊಳವೆಗಳು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಒಂದು ವಿಷಯ ತಿಳಿದುಕೊಂಡೇ ಬರುವುದು ಒಳ್ಳೆಯದು. ಮದುವೆಯ ಊಟದಲ್ಲಿ ಪಕ್ಕದ ಎಲೆಯವರು ‘ಏನು ಕೆಲಸ ಮಾಡ್ತೀರಾ?’ ಎಂದು ಕೇಳಿದರೆ ಕೊಡಲು ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಾನು ‘ಕೆಮಿಸ್ಟ್ರಿ’ ಎನ್ನುತ್ತಿದ್ದೆ. ‘ಕಾಲೇಜಿನಲ್ಲಾ?’ ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ ಎನ್ನುವ ಹಾಗೆ ತಲೆ ಆಡಿಸಿ ಪಲ್ಯದ ಕಡೆ ನೋಡುತ್ತಿದ್ದೆ. ಮೂತ್ರ ಹೊರಹೋಗಲೆಂದು ರೋಗಿಯ ದೇಹದೊಳಗೆ ಇಡುವ ಕೊಳವೆಯ ಮೇಲೆ ತೆಳುವಾದ ಪಾಲಿಮರ್ ಲೇಪನ ಕೊಡುವುದು, ಬಳಸಿ ತೆಗೆದ ಕೊಳವೆಗಳನ್ನು ಮನೆಮನೆಯಿಂದ ವಾಪಸು ತಂದು ಅವುಗಳ ಮೇಲೆ ಏನೇನು ಅಂಟಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಬಾಳೆ ಎಲೆಯ ಮುಂದೆ ಹೇಳುವ ಮಾತಲ್ಲ. ಹೇಳದೆ ಹೇಳದೆ ಸುಮ್ಮನಿರುವುದು ಅಭ್ಯಾಸವಾಯಿತು. ಆಮೇಲೆ ಕೇಳುವವರೂ ಕಡಿಮೆಯಾದರು.

ಎರಡನೆಯದು, ನಾನು ಹೇಳುವುದನ್ನು ಪೂರ್ತಿ ನಂಬಬೇಡಿ. ಕಮಲಮ್ಮ ಎಂಬುವರ ಮನೆಯಲ್ಲಿ ನಡೆದದ್ದನ್ನು ನಾನು ಸೆಮಿನಾರುಗಳಲ್ಲಿ, ನಿವೃತ್ತಿಯ ದಿನದ ಕಾಫಿಯ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅದು ಸ್ವಲ್ಪ ನುಣುಪಾಗುತ್ತಾ ಹೋಯಿತು. ಈಗ ಆ ನುಣುಪನ್ನು ಉಜ್ಜಿ ತೆಗೆದು ಬರೆಯಲು ನೋಡುತ್ತೇನೆ.

ನಮ್ಮ ಘಟಕ ಇದ್ದದ್ದು ಜೆ.ಪಿ. ನಗರದ ಒಂದು ವಾಸದ ಮನೆಯಲ್ಲಿ. ಗ್ಯಾರೇಜಿನಲ್ಲಿ ಅದ್ದುವ ತೊಟ್ಟಿಗಳು, ಮಲಗುವ ಕೋಣೆಯಲ್ಲಿ ಪ್ರಯೋಗಾಲಯ, ದೇವರ ಮನೆಯಲ್ಲಿ ದಾಸ್ತಾನು. ಯಜಮಾನರು ಶೇಷಾದ್ರಿ. ವಿದೇಶದಲ್ಲಿ ಓದಿ ಬಂದವರು, ಇಲ್ಲೇ ಏನಾದರೂ ಮಾಡಬೇಕೆಂಬ ಹಟ. ಅದ್ದುವ ಕೆಲಸಕ್ಕೆ ಬಸವರಾಜ. ಬಾಗಲಕೋಟೆಯ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ನಾಲ್ಕೈದು ಗೆಳೆಯರೊಂದಿಗೆ ಬಾಡಿಗೆ ಕೋಣೆಯಲ್ಲಿದ್ದ. ಮೂರನೆಯವಳು ನಾನು. ತೊಂಬತ್ತರ ದಶಕದ ನಡುವಿನ ಮಾತು. ನಾನು ಬನಶಂಕರಿಯಲ್ಲಿ ಒಂದು ಮಹಡಿ ಕೋಣೆಯಲ್ಲಿ ಒಬ್ಬಳೇ ಇದ್ದೆ. ಮದುವೆಯಾಗಲಿಲ್ಲ, ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ.

ಬಸವರಾಜನಿಗೆ ಮೊದಲ ದಿನ ಈ ವಿದ್ಯೆಯನ್ನು ಹೀಗೆ ಹೇಳಿಕೊಟ್ಟೆ. ಬಸ್ ನಿಲ್ಲುವ ಮೊದಲೇ ಜನ ಕಿಟಕಿಯಿಂದ ಸೀಟಿನ ಮೇಲೆ ಕರ್ಚೀಫು ಎಸೆಯುವುದಿಲ್ಲವೇ? ದೇಹದ ಪ್ರೋಟೀನು ಆ ಕರ್ಚೀಫು. ಕೊಳವೆ ಒಳಗೆ ಹೋದ ಕೂಡಲೇ ಬಂದು ಕೂರುತ್ತದೆ. ಅದರ ಹಿಂದೆಯೇ ಗಂಟುಮೂಟೆ ಸಮೇತ ಸಂಸಾರ ಹತ್ತುತ್ತದೆ, ಅದು ಬ್ಯಾಕ್ಟೀರಿಯಾ. ಒಮ್ಮೆ ಕೂತರೆ ಏಳಿಸಲಾಗದು. ಅವು ಮೇಲೆ ಪದರ ಕಟ್ಟಿಕೊಳ್ಳುತ್ತವೆ, ಮೂತ್ರ ಹರಿಯದಂತೆ ಕೊಳವೆ ಕಟ್ಟಿಕೊಳ್ಳುತ್ತದೆ, ಜ್ವರ ಬರುತ್ತದೆ. ನಮ್ಮ ಲೇಪನ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಅದು ನೀರನ್ನು ಹೀರಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅಷ್ಟೆ. ಸೀಟು ಒದ್ದೆಯಾಗಿದ್ದರೆ ಕರ್ಚೀಫು ಯಾರು ಹಾಕುತ್ತಾರೆ?

‘ಅಂದ್ರ ನಾವು ಸೀಟಿಗೆ ನೀರ ಹೊಡಿಯೋ ಮಂದಿ,’ ಎಂದ ಬಸವರಾಜ. ‘ನಮ್ಮೂರಾಗ ಇದಕ್ಕ ಹೊಡದಾಟ ಆಗ್ತಾವ್ರೀ ಮೇಡಂ.’

ಶುರುವಿನಲ್ಲಿ ಎಡವಟ್ಟುಗಳೇ ಹೆಚ್ಚು. ಮಳೆಗಾಲ ಬಂದರೆ ಗಾಳಿಯ ತೇವಕ್ಕೆ ಲೇಪನ ಬೆಳ್ಳಗಾಗುತ್ತಿತ್ತು. ಶೇಷಾದ್ರಿ ಸಾರ್ ದ್ರಾವಕ ಬದಲಿಸಿದರು, ಪ್ರಮಾಣ ಬದಲಿಸಿದರು. ‘ಸಾರ್, ಇದು ಪಾಲಿಮರ್ ಅಲ್ರೀ, ಗಂಜಿ,’ ಎಂದು ಬಸವರಾಜ ಒಂದು ಹಳೆಯ ಬೀರುವಿನೊಳಗೆ ಬಲ್ಬುಗಳನ್ನು ಉರಿಸಿ, ಅದರಲ್ಲಿ ಕೊಳವೆಗಳನ್ನು ನೇತುಹಾಕಿದ. ಅದೇ ನಮ್ಮ ಮೊದಲ ಒಣಕೋಣೆ. ಬೇರೆ ಊರಿನಿಂದ ಬರುವ ವ್ಯಾಪಾರಿಗಳಿಗೆ ಅದನ್ನು ತೋರಿಸುತ್ತಿರಲಿಲ್ಲ.

ಅವರಿಗೆ ತೋರಿಸುತ್ತಿದ್ದದ್ದು ಮೊಸರು. ಇದು ಶೇಷಾದ್ರಿಯವರ ಕಲ್ಪನೆ. ಲೇಪನ ಕೊಟ್ಟ ಗಾಜಿನ ಪಟ್ಟಿ ಒಂದು, ಕೊಡದ್ದು ಒಂದು, ಎರಡನ್ನೂ ಉಗುರುಬೆಚ್ಚಗಿನ ಹಾಲಿಗೆ ಇಳಿಸಿ ಹೆಪ್ಪು ಹಾಕುವುದು. ಮರುದಿನ ಎತ್ತಿದರೆ ಒಂದರ ಮೇಲೆ ಗಟ್ಟಿ ಮೊಸರು, ಇನ್ನೊಂದು ತೊಳೆದಿಟ್ಟ ಹಾಗೆ. ವ್ಯಾಪಾರಿಗಳು ಚಪ್ಪಾಳೆ ಹೊಡೆಯುವುದೊಂದು ಬಾಕಿ. ಒಂದು ಚಳಿಗಾಲದ ಬೆಳಗ್ಗೆ ಇಬ್ಬರೋ ಮೂವರೋ ಬಂದಿದ್ದರು. ಶೇಷಾದ್ರಿ ನಾಟಕೀಯವಾಗಿ ಎರಡೂ ಪಟ್ಟಿಗಳನ್ನು ಎತ್ತಿದರು. ಎರಡೂ ಸ್ವಚ್ಛ.

‘ಲೇಪನ ಇಲ್ದೇ ಇರೋದೂ ಕ್ಲೀನಾಗೇ ಇದೆಯಲ್ಲ ಸಾರ್?’ ಎಂದರು ಬಂದವರಲ್ಲಿ ಒಬ್ಬರು.

ಬಸವರಾಜ ಬಾಗಿ ಪಾತ್ರೆ ನೋಡಿದ. ‘ಹೆಪ್ಪಾಗಿಲ್ರೀ. ಹಾಲು ಹಾಲಾಗೇ ಐತಿ.’

ಬಂದವರು ಉಪ್ಪಿಟ್ಟು ತಿಂದು ಹೋದರು. ಅದರಿಂದ ನಾನು ಕಲಿತದ್ದು ಇಷ್ಟು: ಏನೂ ಅಂಟದಿರುವುದಕ್ಕೆ ಎರಡು ಕಾರಣ ಇರಬಹುದು. ಮೇಲ್ಮೈ ಒಳ್ಳೆಯದಿರಬಹುದು, ಅಥವಾ ಅಂಟುವುದಕ್ಕೆ ಅಲ್ಲಿ ಏನೂ ಬಂದೇ ಇಲ್ಲದಿರಬಹುದು. ನನ್ನ ಕೋಣೆಗೆ ಹಿಂದಿರುಗುವ ಸಂಜೆಗಳಲ್ಲಿ ಈ ಮಾತು ನೆನಪಾಗುತ್ತಿತ್ತು. ನೆನಪಾಗಬಾರದೆಂದು ರೇಡಿಯೋ ಹಾಕುತ್ತಿದ್ದೆ.

ಆಸ್ಪತ್ರೆಯ ವಾರ್ಡಿನಲ್ಲಿ ನಮ್ಮ ಕೊಳವೆಗಳು ಚೆನ್ನಾಗಿಯೇ ನಡೆದವು. ಆಮೇಲೆ ಜಯನಗರದ ಒಬ್ಬ ಮೂತ್ರರೋಗ ತಜ್ಞರು ತಮ್ಮ ಕೆಲವು ರೋಗಿಗಳಿಗೆ ಮನೆಯಲ್ಲಿ ಬಳಸಲು ಬರೆದುಕೊಡಲು ಒಪ್ಪಿದರು, ಔಷಧದ ಅಂಗಡಿಯಲ್ಲಿ ನಮ್ಮ ಕೊಳವೆ ಸಿಗುವಂತಾಯಿತು. ವರ್ಷಗಟ್ಟಲೆ ಕೊಳವೆ ಇಟ್ಟುಕೊಂಡೇ ಬದುಕಬೇಕಾದ ರೋಗಿಗಳು ಅವರು. ಮನೆಗಳಲ್ಲಿ ಮಾತ್ರ ನಮ್ಮ ಕೊಳವೆ ಮಾಮೂಲಿ ರಬ್ಬರಿನಷ್ಟೇ ಬೇಗ ಕಟ್ಟುತ್ತಿತ್ತು. ಯಾಕೆಂದು ತಿಳಿಯದೆ ಶೇಷಾದ್ರಿ ಸಾರ್ ಊಟ ಬಿಟ್ಟರು. ಬಳಸಿದ ಕೊಳವೆಗಳನ್ನು ತರಲು ನನ್ನನ್ನು ಕಳಿಸಿದರು. ಸ್ಟೀಲಿನ ಟಿಫನ್ ಕ್ಯಾರಿಯರ್‌ನಲ್ಲಿ ತರುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಒಮ್ಮೆ ‘ಏನಡುಗೆ?’ ಎಂದು ಕೇಳಿದ್ದರು.

ಹಾಗೆ ಹೋದ ಮನೆಗಳಲ್ಲಿ ಒಂದು ಹೊಸಕೆರೆಹಳ್ಳಿಯ ನಾಗಭೂಷಣರದ್ದು. ಜಯನಗರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿತ್ತು. ಕೈಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಮಾತಾಡುವಾಗಲೂ ಹೊದಿಕೆಯ ಮೇಲೆ ಬೆರಳುಗಳು ಟೈಪ್ ಮಾಡುತ್ತಲೇ ಇರುತ್ತಿದ್ದವು.

‘ನಿಮ್ಮ ಟ್ಯೂಬಿಗೆ ಸ್ಪೀಡ್ ಇದೆ ಮೇಡಂ, ಆಕ್ಯುರೆಸಿ ಇಲ್ಲ,’ ಎನ್ನುತ್ತಿದ್ದರು. ‘ಜೂನಿಯರ್ ಟೈಪಿಂಗ್ ಎಕ್ಸಾಮ್‌ನಲ್ಲೇ ಫೇಲ್.’

ಅವರ ಹೆಂಡತಿ ಕಮಲಮ್ಮ. ಮಕ್ಕಳಿಲ್ಲ. ಅವಘಡವಾದ ಹೊಸದರಲ್ಲಿ ಬಂದುಹೋಗುತ್ತಿದ್ದ ನೆಂಟರು ಮೆಲ್ಲಗೆ ನಿಂತುಹೋಗಿದ್ದರು. ಕಾಫಿ ಕೊಟ್ಟು ನಾನು ಕುಡಿದು ಮುಗಿಸುವವರೆಗೆ ಆಕೆ ಎದುರಿಗೇ ನಿಂತಿರುತ್ತಿದ್ದರು. ಬೇಗ ಮುಗಿಯದಿರಲಿ ಎನ್ನುವ ಹಾಗೆ ಲೋಟದ ತುಂಬ ಕೊಡುತ್ತಿದ್ದರು.

ಆಗ ಎಲ್ಲ ಕಡೆ ಕಂಪ್ಯೂಟರ್ ಸೆಂಟರ್‌ಗಳು ಏಳುತ್ತಿದ್ದವು. ಜಯನಗರದ ಫೋರ್ತ್ ಬ್ಲಾಕಿನಲ್ಲಿ ಅಂಥದೊಂದನ್ನು ತೆರೆದಿದ್ದವನು ನಾಗಭೂಷಣರ ಹಳೆಯ ವಿದ್ಯಾರ್ಥಿ. ‘ಸಾರ್, ಹುಡುಗರು ಎರಡೇ ಬೆರಳಲ್ಲಿ ಕುಟ್ತಾರೆ. ಸಂಜೆ ಬ್ಯಾಚಿಗೆ ನೀವು ಬನ್ನಿ, ಆಟೋ ನಾನು ಕಳಿಸ್ತೀನಿ,’ ಎಂದಿದ್ದ. ಎರಡು ಸಲ ಶುರು ಮಾಡಿದರು. ಎರಡು ಸಲವೂ ಕೊಳವೆ ಕಟ್ಟಿ, ನಡುಕದ ಜ್ವರ ಬಂದು, ವಾರ್ಡಿಗೆ ಸೇರಿಸಬೇಕಾಯಿತು. ಬ್ಯಾಚು ಅರ್ಧಕ್ಕೇ ನಿಂತಿತು. ‘ಇನ್ನೊಂದ್ಸಲ ನೋಡೋಣ ಸಾರ್. ಮತ್ತೆ ನಿಂತ್ರೆ ಪೇರೆಂಟ್ಸ್ ಬಿಡಲ್ಲ,’ ಎಂದ ಆ ವಿದ್ಯಾರ್ಥಿ. ಅದು ಕೊನೆಯ ಅವಕಾಶ ಎಂದು ಮನೆಯ ಮೂವರಿಗೂ ತಿಳಿಯಿತು. ಮೂವರು ಎಂದೆ. ನನ್ನನ್ನೂ ಸೇರಿಸಿಕೊಂಡಿದ್ದೇನೆ.

ಕೊಳವೆ ಬದಲಿಸುವ ದಿನ ಗಂಡಸು ನರ್ಸ್ ಒಬ್ಬ ಬರುತ್ತಿದ್ದ. ಕೋಣೆಯ ಪರದೆ ಎಳೆಯುತ್ತಿದ್ದರು. ಕಮಲಮ್ಮ ಅಡುಗೆಮನೆಯಲ್ಲಿ ಎಲ್ಲ ಸಿದ್ಧಮಾಡಿ ತಟ್ಟೆಯಲ್ಲಿ ಇಟ್ಟುಕೊಡುತ್ತಿದ್ದರು. ನಾನು ನಡುಮನೆಯಲ್ಲಿ ಕೂರುತ್ತಿದ್ದೆ. ಹಳೆಯ ಕೊಳವೆ ಮುಚ್ಚಿದ ಡಬ್ಬಿಯಲ್ಲಿ ಹೊರಗೆ ಬರುತ್ತಿತ್ತು. ಹೆಂಗಸು ನಾನು, ಇನ್ನೆಲ್ಲಿ ಕೂರಲಿ? ಹಾಗಾಗಿ ನೋಡಲೇಬೇಕಾಗಿದ್ದ ಒಂದನ್ನು ನೋಡಿಯೇ ಇರಲಿಲ್ಲ.

ಆ ಕೊನೆಯ ಅವಕಾಶದ ಬ್ಯಾಚಿಗೆ ಮೊದಲು, ಕೊಳವೆ ಬದಲಿಸುವ ಒಂದು ದಿನ, ನಡುಮನೆಯಲ್ಲಿ ಸೈಕಲ್ ಅಂಗಡಿಯವನು ಗಾಲಿಕುರ್ಚಿಯನ್ನು ಪೂರ್ತಿ ಬಿಚ್ಚಿಹಾಕಿಕೊಂಡು ಕೂತಿದ್ದ, ನೆಲವೆಲ್ಲ ಎಣ್ಣೆ. ಕಮಲಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ಮಣೆಯ ಮೇಲೆ ಕೂತೆ. ಆಕೆ ಕೈ ತೊಳೆದರು, ಮತ್ತೆ ತೊಳೆದರು. ಕವರು ಕತ್ತರಿಸಿ ಕೊಳವೆಯನ್ನು ಕಾಯಿಸಿ ಆರಿಸಿದ ನೀರಿಗೆ ಹಾಕಿದರು. ಅಲ್ಲಿಗೆ ನಾವು ಹೇಳಿಕೊಟ್ಟಂತೆಯೇ. ಆಮೇಲೆ ಹತ್ತಿಗೆ ಸ್ಪಿರಿಟ್ ಸುರಿದುಕೊಂಡು, ಕೊಳವೆಯನ್ನು ಎತ್ತಿ, ಮೇಲಿನಿಂದ ಕೆಳಗೆ ಎಳೆದೆಳೆದು ಉಜ್ಜತೊಡಗಿದರು.

‘ಇದೇನು ಕಮಲಮ್ಮ, ಒರೆಸ್ತಿದ್ದೀರಾ?’

‘ಮತ್ತೆ? ನೀರಿಗೆ ಹಾಕಿದ ತಕ್ಷಣ ಲೋಳೆ ಬಿಡತ್ತೆ ನೋಡಿ, ಬೆಂಡೆಕಾಯಿ ಹೆಚ್ಚಿದ ಹಾಗೆ. ಅದನ್ನ ಹಾಗೇ ಒಳಗೆ ಹಾಕಕ್ಕಾಗತ್ತಾ? ನಾನು ಕೀರ್ ಅನ್ನೋವರೆಗೂ ಬಿಡಲ್ಲ.’ ಬೆರಳಲ್ಲಿ ಎಳೆದು ತೋರಿಸಿದರು. ಚೆನ್ನಾಗಿ ಬೆಳಗಿದ ಪಾತ್ರೆಯ ಹಾಗೆ ಕೀರ್ ಎಂದಿತು. ‘ಆ ನರ್ಸ್ ಹೇಳ್ತಾನೆ, ಆಂಟಿ, ನಿಮ್ಮಷ್ಟು ಕ್ಲೀನು ಆಸ್ಪತ್ರೇಲೂ ಇಲ್ಲ ಅಂತ.’

ಆ ಲೋಳೆಯೇ ನಮ್ಮ ಲೇಪನ. ನಮ್ಮ ಇಡೀ ಬಾಳು. ಅದು ನೀರು ಕುಡಿದು ಊದಿ ಜಾರುವಂತಾದಾಗಲೇ ಕೆಲಸ ಮಾಡುವುದು. ನಾವು ಅದನ್ನು ಹೆಚ್ಚು ಹೆಚ್ಚು ಜಾರುವಂತೆ ಮಾಡಿದಷ್ಟೂ ಆಕೆ ಹೆಚ್ಚು ಹೆಚ್ಚು ಉಜ್ಜಿದ್ದರು. ನಮ್ಮ ಮನೆಗಳಲ್ಲಿ ಲೋಳೆ ಎಂದರೆ ಹಳಸಿದ್ದು, ಕೆಟ್ಟದ್ದು, ಚೆಲ್ಲಬೇಕಾದದ್ದು. ಇದು ಘಟಕದ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾವೂ ಲೋಳೆ ಬಂದ ಹಿಟ್ಟನ್ನು ಚೆಲ್ಲುವ ಮನೆಗಳಿಂದಲೇ ಬಂದವರು.

ಇಲ್ಲಿಂದ ಮುಂದಿನದು ನಾನು ಹೆಚ್ಚು ನುಣುಪು ಮಾಡಿರುವ ಭಾಗ. ಆಕೆಗೆ ನೋವಾಗಬಾರದೆಂದು ಆ ಕ್ಷಣವೇ ನಿರ್ಧರಿಸಿದೆ ಎಂದು ಹೇಳುತ್ತಾ ಬಂದಿದ್ದೇನೆ. ಆ ಕ್ಷಣ ನನ್ನ ತಲೆಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ನನ್ನ ಚೀಲದಲ್ಲಿ ಇನ್ನೊಂದು ಕೊಳವೆ ಇತ್ತು, ಆಕೆಯ ಕೈಯಲ್ಲಿದ್ದದರ ಜೊತೆಗೇ ತಯಾರಾದದ್ದು. ಬಾಯಿ ತಾನಾಗಿ ಮಾತಾಡಿತು.

‘ಅದನ್ನ ಬಿಡಿ. ಹೊಸ ನಮೂನೆ ಒಂದು ತಂದಿದ್ದೀನಿ. ಇದನ್ನ ಒರೆಸೋ ಹಾಗಿಲ್ಲ. ನೀರಲ್ಲಿ ನೆನೆಸಿ ಹಾಗೇ ಕೊಡಿ.’

‘ಲೋಳೆ ಬಂದ್ರೆ?’

‘ಬರ್ಲೇಬೇಕು.’

ಕಮಲಮ್ಮ ಹತ್ತಿಯನ್ನು ಕೈಯಲ್ಲೇ ಹಿಡಿದು ನಿಂತರು. ‘ಹಾಗಾದ್ರೆ ಹಳೇದಕ್ಕೆ?’

‘ಹಳೇದರ ಕಥೆ ಬೇರೆ,’ ಎಂದೆ. ಆಕೆ ಒಲೆಯ ಕಡೆ ತಿರುಗಿ ಬೇಳೆಯನ್ನು ಇಳಿಸಿದರು.

ಘಟಕಕ್ಕೆ ಬಂದು ಹೇಳಿದಾಗ ಶೇಷಾದ್ರಿ ಸಾರ್ ಮೊದಲು ನಕ್ಕರು, ಆಮೇಲೆ ತಲೆ ಹಿಡಿದುಕೊಂಡು ಕೂತರು. ಬಸವರಾಜ ಉಳಿದ ಮನೆಗಳನ್ನು ಸುತ್ತಿ ಬಂದ. ಒಂದು ಕಡೆ ಹಳೆಯ ಪಂಚೆಯ ತುಂಡು, ಒಂದು ಕಡೆ ಸೋಪು, ಹೆಚ್ಚುಕಡಿಮೆ ಎಲ್ಲ ಕಡೆ ಯಾರಾದರೊಬ್ಬರು ಪ್ರೀತಿಯಿಂದ ಒರೆಸುತ್ತಿದ್ದರು. ‘ಮಂದಿ ಭಾಳ ಸ್ವಚ್ಛ ಅದಾರ್ರೀ ಮೇಡಂ,’ ಎಂದ. ‘ಅದೇ ತ್ರಾಸು.’ ಆ ಮನೆಗಳಿಗೆಲ್ಲ ನೇರವಾಗಿ ಹೇಳಿದೆವು: ಒರೆಸಬೇಡಿ. ‘ಹೊಸಕೆರೆಹಳ್ಳಿಗೂ ಹೇಳಿದ್ರಾ?’ ಎಂದು ಸಾರ್ ಕೇಳಿದರು. ಹೇಳಿದೆ ಎಂದೆ.

ಹೊಸ ನಮೂನೆ ಎಂದು ಹೇಳಿದ ಮೇಲೆ ಅದು ಅಂಗಡಿಯಲ್ಲಿ ಸಿಗಬಾರದಲ್ಲ? ಹಾಗಾಗಿ ಆ ಮನೆಗೆ ಮಾತ್ರ ನಾನೇ ಕೈಯಲ್ಲಿ ತಲುಪಿಸತೊಡಗಿದೆ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಬನಶಂಕರಿಗೆ ಬಂದು, ಅಲ್ಲಿಂದ ಹೊಸಕೆರೆಹಳ್ಳಿಗೆ. ಮೊದಲು ಕೊಳವೆ ಬದಲಿಸುವ ವಾರ ಮಾತ್ರ. ಆಮೇಲೆ ‘ಹೇಗೆ ನಡೀತಿದೆ ನೋಡ್ಬೇಕು’ ಎಂದು ನಡುವಿನ ವಾರಗಳಲ್ಲೂ.

ಕೊಳವೆ ಕಟ್ಟಲಿಲ್ಲ. ಪೂರ್ತಿ ಕಟ್ಟಲೇ ಇಲ್ಲ ಎಂದಲ್ಲ, ಬದಲಿಸುವ ದಿನದವರೆಗೆ ತಾಳಿತು. ನಾಗಭೂಷಣರ ಬ್ಯಾಚು ಕೊನೆಯವರೆಗೆ ನಡೆಯಿತು. ಒಂದು ಸಂಜೆ ನಾನೂ ಹೋಗಿ ಹಿಂದೆ ನಿಂತಿದ್ದೆ. ಹುಡುಗರು ಕೀಲಿಮಣೆ ನೋಡದಿರಲೆಂದು ಪ್ರತಿಯೊಂದರ ಮೇಲೂ ಕಮಲಮ್ಮನ ಹಳೆಯ ಸೀರೆಯ ತುಂಡು ಹೊದಿಸಿದ್ದರು. ‘ಎ ಎಸ್ ಡಿ ಎಫ್. ಕಣ್ಣು ಮೇಲೆ! ಲೇ, ಬೆರಳಿಗೆ ಕಣ್ಣಿದೆ ಕಣಯ್ಯಾ, ನಂಬು!’ ಎಂದು ಗದರಿಸುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಕಮಲಮ್ಮ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು. ಬ್ಯಾಚಿನ ಮೇಲೆ ಬ್ಯಾಚು ಬಂದವು. ‘ಈಗ ಸೀನಿಯರ್ ಪಾಸು,’ ಎಂದರು ನಾಗಭೂಷಣ ಟ್ಯೂಬಿನ ಬಗ್ಗೆ.

ಕೆಲಸದ ರೀತಿ ಬದಲಾಯಿತು. ಕಮಲಮ್ಮನ ಕೀರ್ ಎಂಬ ಸದ್ದು ಶೇಷಾದ್ರಿಯವರನ್ನು ಬಿಡಲಿಲ್ಲ. ಅದ್ದಿ ಒಣಗಿಸಿದ ಲೇಪನ ಮೇಲೆ ಸುಮ್ಮನೆ ಕೂತಿರುತ್ತದೆ, ಉಜ್ಜಿದರೆ ಹೋಗುತ್ತದೆ. ಎರಡು ಸಾವಿರದ ಇಸವಿಯ ನಂತರ ನಾವು ನೇರಳಾತೀತ ಬೆಳಕು ಹಾಯಿಸಿ ಲೇಪನವನ್ನು ಕೊಳವೆಗೇ ಕಸಿಮಾಡುವುದನ್ನು ಕಲಿತೆವು. ಬಸವರಾಜ ಸ್ಪಿರಿಟ್ ಹಚ್ಚಿ, ತೋಳೇರಿಸಿ ಉಜ್ಜಿದ. ನೀರಿಗೆ ಹಾಕಿದರೆ ಮತ್ತೆ ಅದೇ ಲೋಳೆ. ಈಗ ಯಾರು ಎಷ್ಟು ಒರೆಸಿದರೂ ಚಿಂತೆಯಿಲ್ಲ. ಅಂದರೆ ನನ್ನ ಸುಳ್ಳಿಗೆ ಇನ್ನು ಕೆಲಸವಿರಲಿಲ್ಲ. ಅಂಗಡಿಯಲ್ಲಿ ಕೊಳ್ಳಿ ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಶನಿವಾರ ಬಂದರೆ ಚೀಲಕ್ಕೆ ಒಂದು ಕೊಳವೆ ಹಾಕಿಕೊಂಡು ಹೊರಡುತ್ತಿದ್ದೆ.

ನಾಗಭೂಷಣ ತೀರಿಕೊಂಡದ್ದು ಹೃದಯಾಘಾತದಿಂದ. ಜ್ವರದಿಂದಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾರಿಗಾಗಿ ಎಂದು ಕೇಳಬೇಡಿ. ಕರ್ಮಗಳೆಲ್ಲ ಮುಗಿದ ಮೇಲೆ ಆ ಕಡೆ ಹೋಗಲು ನನಗೆ ನೆಪವಿರಲಿಲ್ಲ. ಶನಿವಾರಗಳಲ್ಲಿ ಬಟ್ಟೆ ಒಗೆದೆ.

ಕೆಲವು ತಿಂಗಳ ನಂತರ ಜಯನಗರದ ಆ ಡಾಕ್ಟರ ಕ್ಲಿನಿಕ್ಕಿಗೆ ಕೆಲಸದ ಮೇಲೆ ಹೋಗಿದ್ದೆ. ಕಾಯುವ ಜಾಗದಲ್ಲಿ ಕಮಲಮ್ಮ ನನಗೆ ಬೆನ್ನು ಮಾಡಿ ಕೂತಿದ್ದರು. ಮನೆಯಲ್ಲಿ ಉಳಿದಿದ್ದ ಕೊಳವೆಗಳನ್ನು ಯಾರಿಗಾದರೂ ಆಗಲಿ ಎಂದು ತಂದಿದ್ದರು. ಪಕ್ಕದಲ್ಲಿ ಇನ್ನೊಬ್ಬ ರೋಗಿಯ ಹೆಂಡತಿ, ಸಣ್ಣ ವಯಸ್ಸು, ಹೆದರಿದ ಮುಖ.

‘ಲೋಳೆ ಬಿಡತ್ತೆ, ಒರೆಸಬೇಡಮ್ಮ,’ ಎನ್ನುತ್ತಿದ್ದರು ಕಮಲಮ್ಮ. ‘ನಾನೂ ಮೊದಮೊದಲು ಒರೆಸಿ ಒರೆಸಿ ಕೆಡಿಸಿದೆ. ಪಾಪ, ಕಂಪನಿ ಮೇಡಂ ನನಗೆ ಬೇಜಾರಾಗ್ಬಾರ್ದು ಅಂತ ಅದೇ ಟ್ಯೂಬನ್ನ ಹೊಸದು ಅಂತ ಸುಳ್ಳು ಹೇಳಿ ಕೊಟ್ರು.’

ನಾನು ಅಲ್ಲಿಂದ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ತಿರುಗಿ ನೋಡಿದ ಕಮಲಮ್ಮ ಬೆಚ್ಚಲಿಲ್ಲ. ‘ಓ, ಬಂದ್ರಾ?’ ಎಂದರು, ಶನಿವಾರ ಬಾಗಿಲು ತೆರೆದು ಹೇಳುತ್ತಿದ್ದ ಹಾಗೆಯೇ.

ಇಬ್ಬರೂ ಫೋರ್ತ್ ಬ್ಲಾಕ್ ಬಸ್ ನಿಲ್ದಾಣಕ್ಕೆ ನಡೆದೆವು.

‘ಯಾವಾಗ ಗೊತ್ತಾಯ್ತು?’ ಎಂದೆ.

‘ಅವತ್ತೇ. ಎರಡೂ ಕವರು ಕಸದ ಬುಟ್ಟೀಲಿ ಬಿದ್ದಿದ್ವು. ಎರಡರ ಮೇಲೂ ಒಂದೇ ಬ್ಯಾಚ್ ನಂಬರು.’

‘ಹೇಳ್ಬಾರದಿತ್ತಾ?’

‘ಹೇಳಿದ್ರೆ ನೀವು ಅಂಗಡೀಲಿ ತಗೊಳ್ಳಿ ಅಂತಿದ್ರಿ. ಆಮೇಲೆ ಶನಿವಾರ ನಮ್ಮನೆಗೆ ಯಾರು ಬರ್ತಿದ್ರು?’

ನಿಲ್ದಾಣ ತಲುಪಿದಾಗ ಆಕೆಯೇ ಮುಂದುವರಿಸಿದರು. ‘ಅವರಿಗೆ ಹೇಳಲಿಲ್ಲ. ಎಷ್ಟು ಸಲ ಬಾಯಿಗೆ ಬಂತು. ಜ್ವರ ಬಂದಾಗೆಲ್ಲ ತಣ್ಣೀರು ಬಟ್ಟೆ ಹಾಕಿದ್ದು ನಾನು. ಆ ಜ್ವರ ತಂದಿದ್ದೂ ನಾನೇ ಅಂತ ಹೇಗೆ ಹೇಳ್ಲಿ?’

‘ನೀವು ತಂದಿದ್ದಲ್ಲ!’ ನನ್ನ ದನಿ ಏರಿತ್ತು, ನಿಂತಿದ್ದವರು ತಿರುಗಿದರು. ‘ಒರೆಸಿದ್ರೆ ಅದು ಮಾಮೂಲಿ ಟ್ಯೂಬ್ ಆಗತ್ತೆ, ಅಷ್ಟೇ. ನಾವು ಬರೋಕೆ ಮುಂಚೆ ನೀವು ಹಾಕಿಸ್ತಿದ್ದಂಥದ್ದು. ಆಗಲೂ ಜ್ವರ ಬರ್ತಿತ್ತಲ್ಲ? ನೀವು ಒರೆಸಿದ್ದಕ್ಕೆ ಬಂದಿದ್ದಲ್ಲ ಕಮಲಮ್ಮ. ಒರೆಸದೇ ಇದ್ದಿದ್ರೆ ಬಹುಶಃ ತಡವಾಗ್ತಿತ್ತು, ಅಷ್ಟೇ.’

ಆಕೆ ನನ್ನ ಕಡೆ ತಿರುಗಿದರು. ‘ಇದನ್ನ ಅವತ್ತೇ ಹೇಳ್ಬಾರದಿತ್ತಾ?’

ನಿಜ ಹೇಳಿದ್ದರೆ ಅದರ ಜೊತೆಗೆ ಇದನ್ನೂ ಹೇಳುತ್ತಿದ್ದೆ. ಈ ವಿದ್ಯೆ ಕಲಿತವರು ಯಾರಾದರೂ ಹೇಳಬಹುದಾದ ಮಾತು. ಸುಳ್ಳು ಹೇಳಿದ್ದರಿಂದ ಆಕೆಗೆ ಅರ್ಧ ಮಾತ್ರ ತಿಳಿಯಿತು, ಆ ಅರ್ಧವನ್ನು ಆಕೆ ಒಬ್ಬರೇ ಇಟ್ಟುಕೊಂಡರು. ನಾನು ಎದುರಿಗೆ ಕೂತು ಲೋಟದ ತುಂಬ ಕಾಫಿ ಕುಡಿಯುತ್ತಿದ್ದೆ, ವರ್ಷಗಟ್ಟಲೆ.

ಬಸ್ ಬಂತು. ಜನ ನುಗ್ಗಿದರು. ಕಮಲಮ್ಮ ನನಗಿಂತ ಮುಂದೆ ಹತ್ತಿದರು. ನಾನು ಮೇಲೆ ಬರುವಷ್ಟರಲ್ಲಿ ಅವರ ಪಕ್ಕದ ಸೀಟಿನ ಮೇಲೆ ಮಡಿಸಿದ ಕರ್ಚೀಫು ಇತ್ತು. ಅದರ ಬಣ್ಣ ನೆನಪಿದೆ, ಬೂದಿಯಂಥ ನೀಲಿ. ನನ್ನ ನೆನಪನ್ನು ಎಷ್ಟು ಅನುಮಾನಿಸಿದರೂ ಆ ಬಣ್ಣ ಮಾತ್ರ ಹೋಗುವುದಿಲ್ಲ. ಕೂತೆ. ಬನಶಂಕರಿಯಲ್ಲಿ ನಾನು ಇಳಿಯುವಾಗ ಕಮಲಮ್ಮ ‘ಶನಿವಾರ,’ ಎಂದರು.

ಮೊದಲ ಶನಿವಾರ ಹೋಗಲಿಲ್ಲ. ಕೊಳವೆ ಇಲ್ಲದೆ ಯಾರ ಮನೆಗೂ ಹೋಗಿ ನನಗೆ ರೂಢಿಯಿರಲಿಲ್ಲ. ಏನಾದರೂ ಕೊಂಡೊಯ್ಯಬೇಕೆಂದು ಹಣ್ಣು ನೋಡಿದೆ, ಹೂವು ನೋಡಿದೆ, ಯಾವುದೂ ಸರಿಯೆನಿಸಲಿಲ್ಲ. ಅದರ ಮುಂದಿನ ಶನಿವಾರ ಚೀಲವನ್ನು ಕೋಣೆಯಲ್ಲೇ ಬಿಟ್ಟು ಹೊರಟೆ. ದಾರಿಯುದ್ದಕ್ಕೂ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಬಾಗಿಲು ತೆರೆದ ಕಮಲಮ್ಮ ಮೊದಲು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

‘ಏನೂ ತಂದಿಲ್ಲ ತಾನೇ?’

‘ಇಲ್ಲ,’ ಎಂದೆ.